ಸತ್ಯಾಗ್ರಹಿಗಳ ಕೈಗೆ ಬಂದೂಕು ಬಂದದ್ದು ಹೇಗೆ?

ಪ್ರಶ್ನೆ: ನಮ್ಮ ಅಜ್ಜ 1948ರಲ್ಲಿ ಮುಂಡರಗಿಯ ಶಿಬಿರದಲ್ಲಿದ್ದರೆಂದು ಮನೆಯಲ್ಲಿ ಹೇಳುತ್ತಾರೆ. ಗಾಂಧೀಜಿಯವರ ದಾರಿಯನ್ನು ನಂಬಿದ್ದ ಜನ ಹೈದರಾಬಾದಿನ ನಿಜಾಮರ ಆಡಳಿತದ ವಿರುದ್ಧ ಶಸ್ತ್ರ ಹಿಡಿದದ್ದೇಕೆ? ಎಲ್ಲವೂ ಹೊರಗಿನವರ ಕುಮ್ಮಕ್ಕು ಎಂಬ ವಾದವನ್ನೂ ಕೇಳಿದ್ದೇನೆ.
– ಓದುಗರೊಬ್ಬರು, ಯಲಬುರ್ಗಾ

ಉತ್ತರ: ಕುಮ್ಮಕ್ಕು ಇರಲೇ ಇಲ್ಲವೆನ್ನಲಾಗದು. ಅಳವಂಡಿಯ ಶಿವಮೂರ್ತಿಸ್ವಾಮಿಗಳ ನೇತೃತ್ವದ ಶಿಬಿರವಿದ್ದ ಮುಂಡರಗಿ ಅಂದು ನಿಜಾಮರ ರಾಜ್ಯದ ಹೊರಗೆ, ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಗಡಿಯಾಚೆ ಅಂಥ ನೆಲೆ ಸಿಗದಿದ್ದರೆ ಹೋರಾಟದ ರೂಪವೇ ಬೇರೆಯಾಗುತ್ತಿತ್ತು. ಆದರೆ ಜನರನ್ನು ಆ ಗಡಿಯವರೆಗೆ ನೂಕಿದ್ದು ಹೈದರಾಬಾದ್ ಸರ್ಕಾರದ ನೀತಿಗಳೇ ಎಂಬುದು ನಮ್ಮ ಅಭಿಪ್ರಾಯ.

ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸನ್ನು 1938ರಲ್ಲಿ, ಅದು ವಿಧಿವತ್ತಾಗಿ ಕಣ್ಣು ಬಿಡುವ ಮೊದಲೇ ನಿಷೇಧಿಸಲಾಯಿತು. ನಿಷೇಧ ತೆರವಾದದ್ದು 1946ರಲ್ಲಿ. ಸಭೆ ನಡೆಸಿ, ಮನವಿ ಕೊಟ್ಟು, ಸರ್ಕಾರದೊಡನೆ ವಾದಿಸಲು ಕಲಿಯಬೇಕಾಗಿದ್ದ ಒಂದು ಪೀಳಿಗೆ ಆ ವರ್ಷಗಳನ್ನು ಬಹುಮಟ್ಟಿಗೆ ಸೆರೆಮನೆಯಲ್ಲಿಯೂ ಮರೆಯಲ್ಲಿಯೂ ಕಳೆಯಿತು. 1947ರ ಜೂನ್‌ನಲ್ಲಿ ನಿಜಾಮರು ತಮ್ಮದು ಸ್ವತಂತ್ರ ರಾಜ್ಯವೆಂದು ಸಾರಿದ ಮೇಲೂ ಸ್ಟೇಟ್ ಕಾಂಗ್ರೆಸ್ಸಿನ ನಾಯಕ ಸ್ವಾಮಿ ರಮಾನಂದ ತೀರ್ಥರು ಸತ್ಯಾಗ್ರಹಕ್ಕೇ ಕರೆಕೊಟ್ಟರು. ಜನ ಸೇಂದಿ ಮರಗಳನ್ನು ಕಡಿದು ಸರ್ಕಾರದ ಅಬಕಾರಿ ಆದಾಯಕ್ಕೆ ಪೆಟ್ಟು ಕೊಟ್ಟರು, ಸರ್ಕಾರಕ್ಕೆ ಕಡ್ಡಾಯವಾಗಿ ಒಪ್ಪಿಸಬೇಕಿದ್ದ ಲೆವಿ ಧಾನ್ಯ ಕೊಡಲು ನಿರಾಕರಿಸಿದರು. ಸರ್ಕಾರದ ಉತ್ತರ ಬಂಧನವಾಗಿತ್ತು.

ಅದಕ್ಕಿಂತ ದೊಡ್ಡ ತಪ್ಪೆಂದರೆ ನಿಜಾಮರ ಆಳ್ವಿಕೆಯ ಪರ ನಿಂತಿದ್ದ, ಕಾಸಿಂ ರಜ್ವಿಯವರ ರಜಾಕಾರ ಪಡೆಗೆ ಕಡಿವಾಣ ಹಾಕದೆ ಬಿಟ್ಟದ್ದು. ಪೊಲೀಸರೇ ದಬ್ಬಾಳಿಕೆ ಮಾಡಿದರೆ ತಹಶೀಲ್ದಾರರನ್ನೋ ನ್ಯಾಯಾಲಯವನ್ನೋ ಹುಡುಕಿಕೊಂಡು ಹೋಗುವ ಆಸೆಯಾದರೂ ಉಳಿದಿರುತ್ತದೆ. ಯಾರಿಗೂ ಲೆಕ್ಕ ಒಪ್ಪಿಸಬೇಕಿಲ್ಲದ ಖಾಸಗಿ ಪಡೆಯೊಂದು ಊರಿಗೆ ನುಗ್ಗಿ ಸುಲಿಗೆ ಮಾಡಿದಾಗ, ಅಧಿಕಾರಿಗಳು ಕಣ್ಣುಮುಚ್ಚಿ ಕುಳಿತರೆ, ದೂರು ಹೇಳಿಕೊಳ್ಳುವ ಬಾಗಿಲೇ ಇಲ್ಲದಾಗುತ್ತದೆ. ಕೊಪ್ಪಳ, ರಾಯಚೂರು ಸೀಮೆಯ ಕುಟುಂಬಗಳು ಗದಗ, ಹೊಸಪೇಟೆ, ಬಳ್ಳಾರಿಗಳತ್ತ ಗುಳೆ ಹೋದವು. ಹೀಗೆ ಮನೆ ಬಿಟ್ಟವರ ಮಕ್ಕಳೇ ಶಿಬಿರ ಸೇರಿದರು, ಕರೋಡಗಿರಿ ನಾಕಾಗಳ (ಗಡಿಯ ಸುಂಕದ ಕಟ್ಟೆಗಳ) ಮೇಲೆ ದಾಳಿ ಮಾಡಿದರು. ಇದನ್ನು ಎರಡು ಮತಗಳ ಜಗಳವೆಂದು ಓದುವವರು, ಭಾರತದೊಡನೆ ವಿಲೀನವಾಗಬೇಕೆಂದು ಬರೆದದ್ದಕ್ಕಾಗಿ 1948ರ ಆಗಸ್ಟ್‌ನಲ್ಲಿ ಕೊಲೆಯಾದ ‘ಇಮ್ರೋಜ್’ ಪತ್ರಿಕೆಯ ಸಂಪಾದಕ ಶೋಯಬುಲ್ಲಾ ಖಾನರನ್ನು ಮರೆಯಬಾರದು.

ಪ್ರಶ್ನೆ: ಸರ್ಕಾರ ಬದಲಾದರೆ ಸಶಸ್ತ್ರ ದಂಗೆ ತಾನಾಗಿ ನಿಲ್ಲುವುದೇ?
– ಓದುಗರೊಬ್ಬರು, ಸಿರುಗುಪ್ಪ

ಉತ್ತರ: ದಂಗೆಯ ಕಾರಣ ಸರ್ಕಾರದೊಡನೆಯೇ ಹೋದರೆ ನಿಲ್ಲುತ್ತದೆ. 1948ರ ಸೆಪ್ಟೆಂಬರ್ 17ರಂದು ನಿಜಾಮರ ಸೇನೆ ಶರಣಾದ ಮೇಲೆ ನಮ್ಮ ಗಡಿಯ ಶಿಬಿರಗಳಿಗೆ ಕೆಲಸ ಉಳಿಯಲಿಲ್ಲ. ಹಾಗೆಂದು ರಕ್ತಪಾತ ಅಂದೇ ಮುಗಿಯಿತೆನ್ನುವುದು ಸುಳ್ಳಾದೀತು: ಆಳುವವರ ಮೇಲಿನ ಸಿಟ್ಟು ಏನೂ ಅರಿಯದ ಮುಸ್ಲಿಂ ನೆರೆಹೊರೆಯವರ ಮೇಲೆ ತಿರುಗಿತು, ಮತ್ತು ಕೇಂದ್ರ ಸರ್ಕಾರ ಕಳುಹಿಸಿದ ಸುಂದರಲಾಲ್ ಸಮಿತಿಯು ಆ ದಿನಗಳಲ್ಲಿ 27 ಸಾವಿರದಿಂದ 40 ಸಾವಿರ ಜನ ಸತ್ತಿರಬೇಕೆಂದು ಅಂದಾಜು ಮಾಡಿತು. ತೆಲಂಗಾಣದ ಕಥೆ ಬೇರೆ. ಅಲ್ಲಿ ರೈತರು 1946ರಲ್ಲಿ ಎದ್ದದ್ದು ದೇಶಮುಖರೆಂಬ ದೊಡ್ಡ ಜಮೀನ್ದಾರರ ಬಿಟ್ಟಿ ಚಾಕರಿ ಮತ್ತು ಭೂಮಿಯ ಪ್ರಶ್ನೆಗಾಗಿ. ಸಿಂಹಾಸನ ಬದಲಾದ ಮಾತ್ರಕ್ಕೆ ಹೊಲ ಉಳುವವನದಾಗಲಿಲ್ಲ. 1949ರಲ್ಲಿ ಜಹಗೀರುಗಳು ರದ್ದಾದರೂ ಹೊಸ ಸರ್ಕಾರದ ಸೇನೆಯೊಡನೆ ಕಾದಾಟ ಮುಂದುವರಿಯಿತು, ಕಮ್ಯೂನಿಸ್ಟ್ ಪಕ್ಷ ಅದನ್ನು ಹಿಂತೆಗೆದುಕೊಂಡದ್ದು 1951ರ ಅಕ್ಟೋಬರ್‌ನಲ್ಲಿ.