ಅಗೆದದ್ದು ಮತ್ತೆ ಚಿಗುರಬೇಕಾದರೆ

ಪ್ರಶ್ನೆ: ‘ಭೂಮಿಯೇ, ನಿನ್ನಿಂದ ಅಗೆದದ್ದು ಬೇಗ ಚಿಗುರಲಿ, ನಿನ್ನ ಮರ್ಮಕ್ಕಾಗಲಿ ಹೃದಯಕ್ಕಾಗಲಿ ನನ್ನಿಂದ ಪೆಟ್ಟಾಗದಿರಲಿ’ ಎಂದು ಅಥರ್ವವೇದದ ಭೂಮಿಸೂಕ್ತದಲ್ಲಿದೆಯಂತೆ. ಹೊಲದಲ್ಲಿ 30 ಅಡಿ ಉದ್ದಗಲದ ಕೃಷಿಹೊಂಡ ತೆಗೆಸಬೇಕು. ಈ ಮಾತು ಬರೀ ಪ್ರಾರ್ಥನೆಯೇ?

ಉತ್ತರ: ಹನ್ನೆರಡನೇ ಕಾಂಡದ ಮೊದಲ ಸೂಕ್ತ ಅದು; 63 ಮಂತ್ರಗಳಲ್ಲಿ ನೀವು ಕೇಳಿದ್ದು 35ನೆಯದು. ಅಗೆಯುವುದೇ ಬೇಡ ಎಂದು ಕವಿ ಹೇಳಿಲ್ಲ, ಅದೇ ಅದರ ಚೆಂದ. ಹೊಲದ ಮರ್ಮ ಇರುವುದು ಮೇಲಿನ ಅರ್ಧ ಅಡಿ ಮಣ್ಣಿನಲ್ಲಿ. ಯಂತ್ರದವರ ಪಾಡಿಗೆ ಬಿಟ್ಟರೆ ಅದು ಅಡಿಯಲ್ಲಿ ಹೂತು, ಸತ್ವವಿಲ್ಲದ ಕೆಳಮಣ್ಣು ಮೇಲೆ ಹರಡಿಕೊಳ್ಳುತ್ತದೆ. ಆಮೇಲೆ ಎಷ್ಟು ಗೊಬ್ಬರ ಸುರಿದರೂ ಕೆಲವು ವರ್ಷ ಪೈರು ಏಳುವುದಿಲ್ಲ.

ಮೊದಲ ದಿನ ಮೇಲ್ಮಣ್ಣನ್ನಷ್ಟೇ ಕೆರೆಸಿ. ನಿಮ್ಮ ಅಳತೆಗೆ 450 ಘನ ಅಡಿ, ಅಂದರೆ ಐದಾರು ಟ್ರೇಲರ್ ಆದೀತು. ಕೆರೆಸುವ ಮೊದಲು ಅರ್ಧ ಅಡಿ ಆಳದ ಮಣ್ಣು ಹಿಡಿದು ಉಂಡೆ ಕಟ್ಟಿ, ಸೊಂಟದೆತ್ತರದಿಂದ ಬೀಳಿಸಿ. ಪುಡಿಯಾದರೆ ಕೆಲಸ ಶುರುಮಾಡಬಹುದು. ಅಂಟಿ ಚಪ್ಪಟೆಯಾದರೆ ಕಾಯಿರಿ. ಹಸಿಯಲ್ಲಿ ಯಂತ್ರ ಓಡಿದರೆ ಮಣ್ಣಿನ ಗಾಳಿಸಂದು ಮುಚ್ಚಿಹೋಗುತ್ತದೆ, ಎರೆಭೂಮಿಯಲ್ಲಂತೂ ಇನ್ನೂ ಜಾಸ್ತಿ.

ಕೆರೆದ ಮೇಲ್ಮಣ್ಣಿನ ರಾಶಿ ನಾಲ್ಕೈದು ಅಡಿ ಎತ್ತರ ಮೀರದಿರಲಿ. ಮೀರಿದರೆ ಒಳಗೆ ಗಾಳಿ ಆಡದೆ ಎರೆಹುಳು, ಸೂಕ್ಷ್ಮಜೀವಿಗಳು ಸಾಯುತ್ತವೆ. ಕೆಳಮಣ್ಣು ಬದುವಿಗೆ ಸಾಕು. ಮೇಲ್ಮಣ್ಣನ್ನು ಹೊಲದ ಬಡಕಲು ಮೂಲೆಗೆ ಹರಡುವ ಮೊದಲು ಅಲ್ಲಿನ ಗಟ್ಟಿ ನೆಲವನ್ನು ನೇಗಿಲಿನಿಂದ ಸಡಿಲಿಸಿ, ಇಲ್ಲವಾದರೆ ಎರಡು ಪದರದ ನಡುವೆ ನೀರು ನಿಲ್ಲುತ್ತದೆ. ಮಳೆ ಬಿದ್ದ ಮೇಲೆ ಅಲ್ಲಿ ಎಕರೆಗೆ 20 ಕೆ.ಜಿ. ಲೆಕ್ಕದಲ್ಲಿ ಹಸಿರೆಲೆ ಗೊಬ್ಬರದ ಬೆಳೆಯಾದ ಅಪ್ಸೆಣಬಿನ ಬೀಜ ಚೆಲ್ಲಿ, ಹೂ ಬರುವ ಹೊತ್ತಿಗೆ, ಸುಮಾರು 45 ದಿನಕ್ಕೆ, ಗಿಡವನ್ನು ಮಣ್ಣಿಗೆ ಮಗುಚಿ. ತಡಮಾಡಿದರೆ ಕಾಂಡ ನಾರಾಗಿ ಬೇಗ ಕೊಳೆಯದು.

ಪ್ರಶ್ನೆ: ‘ಭೂಮಿ ತಾಯಿ, ನಾನು ಮಗ’ ಎನ್ನುವ ಆ ಕವಿಗೆ ಭೂಮಿ ಇರುವುದು ಮನುಷ್ಯನಿಗಾಗಿಯೇ ತಾನೆ?

ಉತ್ತರ: ಅಲ್ಲ. ಹಾವು, ಚೇಳು, ಹುಲಿ, ಸಿಂಹ ಎಲ್ಲವೂ ಅಲ್ಲಿವೆ. ಅವು ತನ್ನ ಮೈಮೇಲೆ ಬಾರದಿರಲಿ, ದೂರವಿರಲಿ ಎಂದು ಬೇಡುತ್ತಾನೆ, ಇಲ್ಲವಾಗಲಿ ಎಂದಲ್ಲ. ಹೊಂಡಕ್ಕೂ ಇದು ಅನ್ವಯ. ಪ್ಲಾಸ್ಟಿಕ್ ಹಾಸಿದ ಇಳಿಜಾರಿನಲ್ಲಿ ಬಿದ್ದ ನಾಯಿ, ಮುಂಗುಸಿ ಜಾರಿ ಜಾರಿ ದಣಿದು ಮುಳುಗುತ್ತವೆ. ಮಕ್ಕಳಿಗೂ ಅದೇ ಅಪಾಯ. ಸುತ್ತ ಬೇಲಿ ಹಾಕಿ. ಎರಡು ಬದಿಯಲ್ಲಿ ಗೂಟ ನೆಟ್ಟು, ಅಗಲವಾದ ಹಗ್ಗದ ಬಲೆಯನ್ನು ತಳ ಮುಟ್ಟುವಂತೆ ಇಳಿಬಿಡಿ. ನೀರು ಎಷ್ಟೇ ತಗ್ಗಿದರೂ ಹತ್ತಲು ಹಿಡಿತ ಸಿಗಬೇಕು.