ದುಬೈ ಆಫರ್ ಬಂದಿದೆ ಅಂದವರಿಗೆ: ಮೊದಲು ‘ಬೇಸಿಕ್’ ಎಷ್ಟು ಅಂತ ಕೇಳಿ

ನಿಮ್ಮ ಪ್ರಶ್ನೆ ಇಷ್ಟು: ಐಟಿಐ ಎಲೆಕ್ಟ್ರಿಕಲ್ ಮುಗಿದಿದೆ, ನಾಲ್ಕು ವರ್ಷದ ಅನುಭವ ಇದೆ. ದುಬೈನ ಒಂದು ಕಾಂಟ್ರಾಕ್ಟಿಂಗ್ ಕಂಪನಿಯಲ್ಲಿ ತಿಂಗಳಿಗೆ 2,000 ದಿರ್ಹಮ್ ಸಂಬಳ ಅಂತ ಏಜೆಂಟ್ ಹೇಳಿದ್ದಾನೆ. ಅದಕ್ಕೆ 1 ಲಕ್ಷ 20 ಸಾವಿರ ರೂಪಾಯಿ ಕೇಳುತ್ತಿದ್ದಾನೆ. ‘ಈಗ ವಿಸಿಟ್ ವೀಸಾದಲ್ಲಿ ಹತ್ತಿಬಿಡಿ, ಅಲ್ಲಿ ಹೋದಮೇಲೆ ಕಂಪನಿಯವರೇ ಎಂಪ್ಲಾಯ್‌ಮೆಂಟ್ ವೀಸಾ ಮಾಡಿಸ್ತಾರೆ’ ಅಂದಿದ್ದಾನೆ. ಹೋಗಬಹುದಾ? ಅಲ್ಲಿನ ಬೇಸಿಗೆ ಹೇಗೆ?

ದುಬೈಗೆ ಹೋಗಬಹುದು, ಆದರೆ ಆ ಏಜೆಂಟ್ ತೋರಿಸಿದ ದಾರಿಯಲ್ಲಿ ಬೇಡ. ವಿಸಿಟ್ ವೀಸಾದಲ್ಲಿ ಬಂದವರಿಗೆ ಇಲ್ಲಿ ದುಬೈನಲ್ಲೇ ಎಂಪ್ಲಾಯ್‌ಮೆಂಟ್ ವೀಸಾ ಆಗುವುದು ಉಂಟು, ಸುಳ್ಳಲ್ಲ. ಆದರೆ ವರ್ಕ್ ಪರ್ಮಿಟ್ ಕೈಗೆ ಬರುವ ಮೊದಲು ಒಂದು ದಿನ ಸೈಟಿನಲ್ಲಿ ನಿಂತರೂ ಅದು ಕಾನೂನುಬಾಹಿರ ಕೆಲಸ. 2024ರ ತಿದ್ದುಪಡಿಯ ನಂತರ, ಪರ್ಮಿಟ್ ಇಲ್ಲದವರನ್ನು ದುಡಿಸುವ ಕಂಪನಿಗೆ 1 ಲಕ್ಷದಿಂದ 10 ಲಕ್ಷ ದಿರ್ಹಮ್‌ವರೆಗೆ ದಂಡ ಇದೆ. ಕಂಪನಿ ದಂಡ ಕಟ್ಟಿ ಸುಧಾರಿಸಿಕೊಳ್ಳುತ್ತದೆ, ನಿಮ್ಮನ್ನು ಮಾತ್ರ ವಾಪಸ್ ಕಳಿಸುತ್ತಾರೆ. ಮಾತು ಕೊಟ್ಟ ವೀಸಾ ಬರದೆ ವಿಸಿಟ್ ಅವಧಿ ಮುಗಿದರೆ ದಿನಕ್ಕೆ 50 ದಿರ್ಹಮ್ ದಂಡ ಏರುತ್ತಾ ಹೋಗುತ್ತದೆ, ಅಂದರೆ ತಿಂಗಳಿಗೆ 1,500. ಈ ಸ್ಥಿತಿಗೆ ಬಿದ್ದವರಿಗೆ ಇಲ್ಲಿ ‘ಖಲ್ಲಿವಲ್ಲಿ’ ಅಂತಾರೆ. ಅವರು ಅರ್ಧ ಕೂಲಿಗೆ ದುಡಿಯುತ್ತಾರೆ, ಕೂಲಿ ಕೊಡದಿದ್ದರೆ ದೂರು ಕೊಡಲೂ ಹೆದರುತ್ತಾರೆ.

ಇನ್ನು ದುಡ್ಡಿನ ವಿಷಯ. ಭಾರತ ಸರ್ಕಾರದ ನಿಯಮದಂತೆ ನೋಂದಾಯಿತ ರಿಕ್ರೂಟಿಂಗ್ ಏಜೆಂಟ್ ನಿಮ್ಮಿಂದ ತೆಗೆದುಕೊಳ್ಳಬಹುದಾದ ಗರಿಷ್ಠ ಸೇವಾ ಶುಲ್ಕ 30,000 ರೂಪಾಯಿ, ಅದರ ಮೇಲೆ 18% ಜಿಎಸ್‌ಟಿ, ಒಟ್ಟು 35,400. ರಸೀದಿ ಕೊಡಲೇಬೇಕು. ದುಬೈ ಇರುವ ದೇಶ ಯುಎಇಯ ಕಾನೂನು ಇನ್ನೂ ಬಿಗಿ: ವೀಸಾ, ಪರ್ಮಿಟ್, ನೇಮಕಾತಿಯ ಖರ್ಚನ್ನು ಕಂಪನಿ ನೇರವಾಗಲಿ, ಬಳಸುದಾರಿಯಲ್ಲಾಗಲಿ ಕೆಲಸಗಾರನಿಂದ ವಸೂಲಿ ಮಾಡುವಂತಿಲ್ಲ. ಹಾಗಾದರೆ 1 ಲಕ್ಷ 20 ಸಾವಿರ ಯಾತಕ್ಕೆ ಅಂತ ನೀವೇ ಕೇಳಿ ನೋಡಿ. ಭಾರತ ಸರ್ಕಾರದ ಇ-ಮೈಗ್ರೇಟ್ ವೆಬ್‌ಸೈಟಿನಲ್ಲಿ ನೋಂದಾಯಿತ ಏಜೆಂಟರ ಪಟ್ಟಿ ಇದೆ, ಕಪ್ಪುಪಟ್ಟಿಯೂ ಇದೆ. ಲೈಸೆನ್ಸ್ ನಂಬರ್ ತೆಗೆದುಕೊಂಡು ಹುಡುಕಿ. ಹೆಸರು ಸಿಕ್ಕರೆ ಸಾಲದು. ವಿಳಾಸ ಮತ್ತು ಲೈಸೆನ್ಸ್ ಚಾಲ್ತಿಯಲ್ಲಿದೆಯಾ ಅಂತಲೂ ನೋಡಿ. ದೊಡ್ಡ ಏಜೆನ್ಸಿಯ ಹೆಸರು ಹೇಳಿಕೊಂಡು ಊರೂರು ತಿರುಗುವ ಸಬ್-ಏಜೆಂಟರಿಗೆ ಕಾನೂನಿನಲ್ಲಿ ಜಾಗವೇ ಇಲ್ಲ. ಅನುಮಾನ ಇದ್ದರೆ ವಿದೇಶಕ್ಕೆ ದುಡಿಯಲು ಹೋಗುವವರ ಹಿತ ನೋಡುವ ಸರ್ಕಾರಿ ಕಚೇರಿ, ಪ್ರೊಟೆಕ್ಟರ್ ಆಫ್ ಎಮಿಗ್ರಂಟ್ಸ್, ಬೆಂಗಳೂರಿನಲ್ಲೇ ಇದೆ, ಹೋಗಿ ವಿಚಾರಿಸಿ.

ಎಸ್ಸೆಸ್ಸೆಲ್ಸಿ ಪಾಸಾದವರ ಪಾಸ್‌ಪೋರ್ಟ್ ಇಸಿಎನ್‌ಆರ್ ವರ್ಗಕ್ಕೆ ಬರುತ್ತದೆ, ಎಮಿಗ್ರೇಷನ್ ಕ್ಲಿಯರೆನ್ಸ್, ಅಂದರೆ ಕೆಲಸಕ್ಕೆ ವಿದೇಶಕ್ಕೆ ಹೋಗಲು ಸರ್ಕಾರದ ಅನುಮತಿ, ಬೇಡ. ಆದರೆ ಪಾಸ್‌ಪೋರ್ಟ್ ಮಾಡಿಸುವಾಗ ಮಾರ್ಕ್ಸ್‌ಕಾರ್ಡ್ ಕೊಡದೆ ಇಸಿಆರ್, ಅಂದರೆ ಕ್ಲಿಯರೆನ್ಸ್ ಬೇಕು ಅಂತ ಮುದ್ರಣವಾಗಿದ್ದರೆ ಈಗಲೇ ಬದಲಾಯಿಸಿಕೊಳ್ಳಿ. ಇಲ್ಲದಿದ್ದರೆ ಕ್ಲಿಯರೆನ್ಸ್ ಇಲ್ಲದ ಕಾರಣಕ್ಕೆ ವಿಮಾನ ನಿಲ್ದಾಣದ ಇಮಿಗ್ರೇಷನ್‌ನಲ್ಲೇ ತಡೆಯುತ್ತಾರೆ. ಇಸಿಆರ್ ಪಾಸ್‌ಪೋರ್ಟಿನವರಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆ ಕಡ್ಡಾಯ: ಎರಡು ವರ್ಷಕ್ಕೆ 275 ರೂಪಾಯಿ ಪ್ರೀಮಿಯಂ, ಅಪಘಾತದಲ್ಲಿ ಸಾವು ಅಥವಾ ಶಾಶ್ವತ ಅಂಗವೈಕಲ್ಯಕ್ಕೆ 10 ಲಕ್ಷ.

ಈಗ ಮುಖ್ಯ ವಿಷಯ, ಆಫರ್ ಲೆಟರ್. ಕಂಪನಿ ಲೆಟರ್‌ಹೆಡ್‌ನಲ್ಲಿ ಸೀಲು ಒತ್ತಿ ವಾಟ್ಸಾಪಿನಲ್ಲಿ ಕಳಿಸಿದ ಪಿಡಿಎಫ್ ಆಫರ್ ಲೆಟರ್ ಅಲ್ಲ. ಅಸಲಿ ಆಫರ್ ಯುಎಇಯ ಮಾನವ ಸಂಪನ್ಮೂಲ ಸಚಿವಾಲಯದ, ಅಂದರೆ ಎಲ್ಲರೂ ‘ಮೊಹ್ರೆ’ ಅನ್ನುವ ಇಲಾಖೆಯ ನಮೂನೆಯಲ್ಲಿ ಬರುತ್ತದೆ. ಅದರಲ್ಲಿ ಟ್ರಾನ್ಸಾಕ್ಷನ್ ನಂಬರ್ ಇರುತ್ತದೆ; ಮೊಹ್ರೆ ವೆಬ್‌ಸೈಟ್ ಅಥವಾ ಆ್ಯಪ್‌ನಲ್ಲಿ ಹಾಕಿದರೆ ಅದು ನಿಜವಾ ಅಂತ ತಿಳಿಯುತ್ತದೆ. ಅರಬಿ, ಇಂಗ್ಲಿಷ್ ಜೊತೆಗೆ ನಿಮಗೆ ಗೊತ್ತಿರುವ ಮೂರನೇ ಭಾಷೆಯಲ್ಲೂ ಕೇಳಬಹುದು. ಹಿಂದಿ, ಮಲಯಾಳಂ, ತಮಿಳು, ಉರ್ದು ಇವೆ, ಕನ್ನಡ ಇಲ್ಲ. ಓದಿ ಅರ್ಥ ಆಗದಿದ್ದರೆ ಗೊತ್ತಿರುವವರಿಂದ ಓದಿಸಿಕೊಂಡೇ ಸಹಿ ಹಾಕಿ, ಯಾಕೆಂದರೆ ಇಲ್ಲಿಗೆ ಬಂದಮೇಲೆ ಮಾಡುವ ಒಪ್ಪಂದದಲ್ಲಿ ಈ ಆಫರ್‌ಗಿಂತ ಕಡಿಮೆ ಏನನ್ನೂ ಬರೆಯುವಂತಿಲ್ಲ. ಜಬೆಲ್ ಅಲಿಯಂಥ ಫ್ರೀ ಝೋನ್, ಅಂದರೆ ತನ್ನದೇ ಪ್ರಾಧಿಕಾರ ಇರುವ ವ್ಯಾಪಾರ ವಲಯದ ಕಂಪನಿಯಾದರೆ ಕಾಗದ ಆ ಝೋನಿನ ಪ್ರಾಧಿಕಾರದ್ದು, ಮೊಹ್ರೆಯದಲ್ಲ.

ಏಜೆಂಟ್ ಹೇಳಿದ 2,000 ಒಟ್ಟು ಸಂಬಳ. ಅದು ಎರಡು ಭಾಗ: ಬೇಸಿಕ್, ಅಂದರೆ ಮೂಲ ವೇತನ, ಮತ್ತು ಅಲೋವೆನ್ಸ್, ಅಂದರೆ ಭತ್ಯೆ. ಬೇಸಿಕ್ 1,000, ಅಲೋವೆನ್ಸ್ 1,000 ಅಂತಿದೆ ಅಂದುಕೊಳ್ಳಿ. ಓವರ್‌ಟೈಮ್ ಲೆಕ್ಕ ಬೇಸಿಕ್ ಮೇಲೆ: 1,000ವನ್ನು 30 ದಿನ, 8 ಗಂಟೆಗೆ ಭಾಗಿಸಿದರೆ ಗಂಟೆಗೆ 4.17, ಅದಕ್ಕೆ 25% ಸೇರಿಸಿದರೆ 5.21 ದಿರ್ಹಮ್. ಅದೇ 2,000ದಲ್ಲಿ ಬೇಸಿಕ್ 1,600 ಇದ್ದಿದ್ದರೆ ಗಂಟೆಗೆ 8.33. ದಿನಕ್ಕೆ ಎರಡು ಗಂಟೆಯಂತೆ 26 ದಿನ ಓಟಿ ಮಾಡಿದರೆ ಮೊದಲನೆಯದಕ್ಕೆ 271, ಎರಡನೆಯದಕ್ಕೆ 433. ಕೆಲಸ ಬಿಡುವಾಗ ಸಿಗುವ ಗ್ರ್ಯಾಚ್ಯುಟಿಯೂ ಹಾಗೆಯೇ. ಮೊದಲ ಐದು ವರ್ಷ ವರ್ಷಕ್ಕೆ 21 ದಿನದ ಬೇಸಿಕ್, ಆಮೇಲೆ ವರ್ಷಕ್ಕೆ 30 ದಿನದ್ದು. ಐದು ವರ್ಷಕ್ಕೆ ಮೊದಲನೆಯವನಿಗೆ 3,500, ಎರಡನೆಯವನಿಗೆ 5,600 ದಿರ್ಹಮ್. ಕೆಲಸ ಹೋದಾಗ ಸಿಗುವ ವಿಮೆಯ ಹಣವೂ ಬೇಸಿಕ್ ಮೇಲೆಯೇ. ಏಜೆಂಟರು ಈ ಒಂದು ಅಂಕಿಯನ್ನು ತಾವಾಗಿ ಹೇಳುವುದೇ ಇಲ್ಲ. ನೀವು ಚೌಕಾಸಿ ಮಾಡುವುದಾದರೆ ಇದರ ಮೇಲೆಯೇ ಮಾಡಿ.

ಅದೇ ಕಾಗದದಲ್ಲಿ ಇನ್ನೂ ಮೂರು ಜಾಗ ನೋಡಿ. ವಸತಿ ಕಂಪನಿಯದಾ, ಅಥವಾ ಅದರ ಬದಲು ದುಡ್ಡಾ? ಊಟ ಸೇರಿದೆಯಾ? ಹುದ್ದೆಯ ಹೆಸರು ಎಲೆಕ್ಟ್ರಿಶಿಯನ್ ಅಂತಲೇ ಇದೆಯಾ, ‘ಹೆಲ್ಪರ್’ ಅಂತ ಇದೆಯಾ? ‘ಎಲ್ಲರಿಗೂ ಹಾಗೇ ಹಾಕ್ತಾರೆ, ಕೆಲಸ ಎಲೆಕ್ಟ್ರಿಶಿಯನ್ದೇ’ ಅಂದರೆ ಒಪ್ಪಬೇಡಿ. ನಾಳೆ ಕಂಪನಿ ಬದಲಾಯಿಸುವಾಗ ನಿಮ್ಮ ದಾಖಲೆಯಲ್ಲಿರುವ ಅನುಭವ ಹೆಲ್ಪರ್‌ದೇ.

ವೀಸಾ ಕಾಗದ, ಅಂದರೆ ಎಂಟ್ರಿ ಪರ್ಮಿಟ್ ಬಂದಾಗ ಅದರ ಮೇಲೆ ‘ಎಂಪ್ಲಾಯ್‌ಮೆಂಟ್’ ಅಂತ ಇರಬೇಕು, ಸ್ಪಾನ್ಸರ್ ಜಾಗದಲ್ಲಿ ಆಫರ್ ಕೊಟ್ಟ ಕಂಪನಿಯ ಹೆಸರೇ ಇರಬೇಕು. ದುಬೈ ವೀಸಾದ ಫೈಲ್ ನಂಬರ್ 201ರಿಂದ ಶುರುವಾಗುತ್ತದೆ, ಅಬುಧಾಬಿಯದು 101, ಶಾರ್ಜಾದು 301. ದುಬೈ ಕೆಲಸ ಅಂತ ಹೇಳಿ ಬೇರೆ ಎಮಿರೇಟಿನ ನಂಬರ್ ಬಂದರೆ ಕಾರಣ ಕೇಳಿ.

ಊರಲ್ಲಿನ ಕೆಲಸ ಬಿಡುವ ಮೊದಲು ನಿಮ್ಮ ದುಡ್ಡಲ್ಲೇ ಒಂದು ಎದೆ ಎಕ್ಸ್‌ರೇ, ರಕ್ತ ಪರೀಕ್ಷೆ ಮಾಡಿಸಿಬಿಡಿ. ಇಲ್ಲಿ ಬಂದಿಳಿದ ಮೇಲೆ ಮೆಡಿಕಲ್ ಕಡ್ಡಾಯ, ಮುಖ್ಯವಾಗಿ ಎಚ್‌ಐವಿ ಮತ್ತು ಕ್ಷಯ ನೋಡುತ್ತಾರೆ. ಹಿಂದೆ ಟಿಬಿ ಬಂದು ಪೂರ್ತಿ ವಾಸಿಯಾಗಿದ್ದರೂ ಶ್ವಾಸಕೋಶದಲ್ಲಿ ಉಳಿದ ಗುರುತಿನಿಂದ ತೊಂದರೆ ಆಗಬಹುದು. ಸಾಲ ಮಾಡಿ ಬಂದು ‘ಅನ್‌ಫಿಟ್’ ಆಗುವುದಕ್ಕಿಂತ ಮೊದಲೇ ತಿಳಿಯುವುದು ಒಳ್ಳೆಯದು. ಮೆಡಿಕಲ್ ಆದಮೇಲೆ ಬೆರಳಚ್ಚು, ಆಮೇಲೆ ಎಮಿರೇಟ್ಸ್ ಐಡಿ. ಪಾಸ್‌ಪೋರ್ಟಿನಲ್ಲಿ ವೀಸಾ ಸ್ಟಿಕ್ಕರ್ ಅಂಟಿಸುವುದು 2022ರಲ್ಲೇ ನಿಂತಿದೆ, ಈಗ ಐಡಿಯೇ ನಿಮ್ಮ ವೀಸಾ. ಸಿಮ್, ಬ್ಯಾಂಕ್, ಆಸ್ಪತ್ರೆ ಎಲ್ಲ ಅದರ ಮೇಲೆ ನಿಂತಿದೆ; ಅವಧಿ ಮುಗಿದರೆ ಮೊಬೈಲ್ ಸಹ ಬಂದ್ ಆಗುತ್ತದೆ. ಆರೋಗ್ಯ ವಿಮೆಯ ಖರ್ಚು ಕಂಪನಿಯದು, ನಿಮ್ಮ ಸಂಬಳದಿಂದ ಮುರಿಯುವಂತಿಲ್ಲ.

ವೀಸಾ ಕೆಲಸಕ್ಕೆ ಅಂತ ಪಾಸ್‌ಪೋರ್ಟ್ ತೆಗೆದುಕೊಂಡು ಹಾಗೇ ಇಟ್ಟುಕೊಳ್ಳುವ ಕಂಪನಿಗಳು ಈಗಲೂ ಇವೆ. ಕಾನೂನು ಅದನ್ನು ಒಪ್ಪುವುದಿಲ್ಲ. ಜಗಳ ಬೇಡ, ಇಮೇಲಿನಲ್ಲೋ ವಾಟ್ಸಾಪಿನಲ್ಲೋ ವಾಪಸ್ ಕೇಳಿ, ಉತ್ತರ ಉಳಿಸಿಕೊಳ್ಳಿ.

ಕಾಯಂ ಆಗುವ ಮೊದಲಿನ ಪ್ರೊಬೇಷನ್ ಆರು ತಿಂಗಳಿಗಿಂತ ಹೆಚ್ಚು ಇರುವಂತಿಲ್ಲ. ಆ ಅವಧಿಯಲ್ಲಿ ಕಂಪನಿ ನಿಮ್ಮನ್ನು ತೆಗೆಯುವುದಾದರೆ 14 ದಿನ ಮುಂಚೆ ಬರೆದು ತಿಳಿಸಬೇಕು. ನೀವು ಬಿಟ್ಟು ಇಲ್ಲೇ ಬೇರೆ ಕಂಪನಿಗೆ ಹೋಗುವುದಾದರೆ ಒಂದು ತಿಂಗಳ ನೋಟಿಸ್, ಊರಿಗೆ ವಾಪಸಾಗುವುದಾದರೆ 14 ದಿನ. ಹೇಳದೆ ಕೇಳದೆ ಏಳು ದಿನ ಕೆಲಸಕ್ಕೆ ಹೋಗದಿದ್ದರೆ ಕಂಪನಿ ‘ಆಬ್‌ಸ್ಕಾಂಡಿಂಗ್’ (ಹೇಳದೆ ಓಡಿಹೋಗಿದ್ದಾನೆ) ಅಂತ ವರದಿ ಮಾಡಬಹುದು. ಎಷ್ಟು ಬೇಸರವಾದರೂ ರೂಮಲ್ಲಿ ಮುಸುಕು ಹಾಕಿಕೊಂಡು ಮಲಗುವುದು ಮಾತ್ರ ಬೇಡ. ರಾಜೀನಾಮೆ ಬರೆದು ಕೊಟ್ಟು ಅದರ ಫೋಟೊ ಇಟ್ಟುಕೊಳ್ಳಿ.

ಸಂಬಳ ಡಬ್ಲ್ಯುಪಿಎಸ್ ಎಂಬ, ಸರ್ಕಾರದ ನಿಗಾ ಇರುವ ಸಂಬಳ ಪಾವತಿ ವ್ಯವಸ್ಥೆಯ ಮೂಲಕವೇ ಬ್ಯಾಂಕಿಗೋ ಕಾರ್ಡಿಗೋ ಬರಬೇಕು. ಕೈಗೆ ನಗದು ಕೊಟ್ಟು ಸಹಿ ಹಾಕಿಸುವುದು, ಅಥವಾ ಬ್ಯಾಂಕಿಗೆ ಪೂರ್ತಿ ಹಾಕಿ ಎಟಿಎಂನಿಂದ ತೆಗೆಸಿ ಅರ್ಧ ವಾಪಸ್ ಕೇಳುವುದು ಹಳೆಯ ಆಟ. ಹಾಗೆ ವಾಪಸ್ ಕೊಟ್ಟರೆ ದಾಖಲೆಯಲ್ಲಿ ನಿಮಗೆ ಪೂರ್ತಿ ಸಂಬಳ ಬಂದಂತೆಯೇ. ಸಂಬಳದ ತಗಾದೆ ಇದ್ದರೆ ಮೊಹ್ರೆಗೆ ದೂರು ಕೊಡಿ, 80084ಕ್ಕೆ ಕರೆ ಮಾಡಬಹುದು. 50,000 ದಿರ್ಹಮ್ ಒಳಗಿನ ವಿವಾದವನ್ನು ಸಚಿವಾಲಯವೇ ತೀರ್ಮಾನಿಸಬಲ್ಲದು, ಕೆಲಸ ಬಿಟ್ಟ ಎರಡು ವರ್ಷದೊಳಗೆ ಕೇಳಿಕೊಳ್ಳಲು ಅವಕಾಶ ಇದೆ. ಭಾರತೀಯರಿಗೆ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ ಉಚಿತ ಸಂಖ್ಯೆ 800 46342. ಬಂದ ದಿನವೇ ಮೊಬೈಲಿನಲ್ಲಿ ಸೇವ್ ಮಾಡಿಕೊಳ್ಳಿ.

ಕೆಲಸ ಕಳೆದುಕೊಂಡಾಗಿನ ವಿಮೆಗೆ ಐಎಲ್‌ಒಇ ಅಂತ ಹೆಸರು. ನಿಮ್ಮ ಸಂಬಳದವರಿಗೆ ತಿಂಗಳಿಗೆ 5 ದಿರ್ಹಮ್, ಕಟ್ಟಬೇಕಾದವರು ನೀವೇ. ಮಾಡಿಸದಿದ್ದರೆ 400 ದಿರ್ಹಮ್ ದಂಡ. 12 ತಿಂಗಳು ಕಟ್ಟಿದ ಮೇಲೆ ಕಂಪನಿ ತೆಗೆದರೆ ಬೇಸಿಕ್‌ನ 60% ಮೂರು ತಿಂಗಳವರೆಗೆ ಸಿಗುತ್ತದೆ. ನೀವೇ ರಾಜೀನಾಮೆ ಕೊಟ್ಟರೆ ಇಲ್ಲ.

ಮೊದಲ ಸಂಬಳ ಕೈಸೇರಲು ಒಂದೂವರೆ ತಿಂಗಳು ಆದರೂ ಆಶ್ಚರ್ಯ ಇಲ್ಲ, ಅಷ್ಟು ದಿನದ ಖರ್ಚು ಇಟ್ಟುಕೊಂಡು ಬನ್ನಿ. ದುಡ್ಡು ಕಳಿಸುವಾಗ ಒಂದು ಲೆಕ್ಕ ಗೊತ್ತಿರಲಿ: ದಿರ್ಹಮ್ ಡಾಲರಿಗೆ ಕಟ್ಟಿಹಾಕಿದ ನಾಣ್ಯ, ಒಂದು ಡಾಲರಿಗೆ 3.6725. ಡಾಲರ್‌ನ ಇವತ್ತಿನ ರೂಪಾಯಿ ದರವನ್ನು 3.6725ರಿಂದ ಭಾಗಿಸಿದರೆ ದಿರ್ಹಮಿನ ಅಸಲಿ ದರ ಸಿಗುತ್ತದೆ. ಎಕ್ಸ್‌ಚೇಂಜಿನವರು ಕೊಡುವ ದರಕ್ಕೂ ಇದಕ್ಕೂ ಇರುವ ವ್ಯತ್ಯಾಸ ಅವರ ಲಾಭ, ಅದರ ಮೇಲೆ ಕಳಿಸುವ ಶುಲ್ಕ ಬೇರೆ. ‘ಶುಲ್ಕ ಇಲ್ಲ’ ಅಂದಲ್ಲಿ ದರ ನೋಡಿ. ಅನಿವಾಸಿ ಭಾರತೀಯರ ಖಾತೆ ಎರಡು ಬಗೆ: ಊರಿನ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಮಾಡಿಸಿ, ಕಳಿಸುವ ದುಡ್ಡಿಗೆ ಎನ್‌ಆರ್‌ಇ ಖಾತೆ ತೆರೆಯಿರಿ. ಎನ್‌ಆರ್‌ಇ ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲ.

ಬೇಸಿಗೆಯ ಬಗ್ಗೆ ಕೇಳಿದ್ದಿರಿ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರವರೆಗೆ ಬಿಸಿಲಿನಲ್ಲಿ ಹೊರಗೆ ದುಡಿಸುವಂತಿಲ್ಲ. ಆದರೆ ದುಬೈನಲ್ಲಿ ಬಿಸಿಲಿಗಿಂತ ಸೆಕೆ ಕೆಟ್ಟದ್ದು. ಬೆವರು ಆರುವುದಿಲ್ಲ, ಹಾಗಾಗಿ ಮೈ ತಣಿಯುವುದಿಲ್ಲ. ಬರೀ ನೀರು ಕುಡಿಯುತ್ತಾ ಹೋದರೆ ಉಪ್ಪು ಕಡಿಮೆಯಾಗಿ ರಾತ್ರಿ ಮೀನಖಂಡ ಹಿಡಿದುಕೊಳ್ಳುತ್ತದೆ, ಒಆರ್‌ಎಸ್ ಇಟ್ಟುಕೊಳ್ಳಿ. ಮೂತ್ರ ಗಾಢ ಹಳದಿಯಾದರೆ ನೀರು ಸಾಲುತ್ತಿಲ್ಲ ಅಂತ ಅರ್ಥ. ಬೆವರು ನಿಂತು ತಲೆ ಗೊಂದಲವಾದರೆ ಕೆಲಸ ನಿಲ್ಲಿಸಿ ನೆರಳಿಗೆ ಬಂದು ಪಕ್ಕದವರಿಗೆ ಹೇಳಿ, ಅದು ಆಸ್ಪತ್ರೆಯ ವಿಷಯ.

ಕಂಪನಿ ಕ್ಯಾಂಪ್ ಸಿಗದೆ ಬೆಡ್ ಸ್ಪೇಸ್, ಅಂದರೆ ಹಂಚಿಕೊಂಡ ಕೋಣೆಯಲ್ಲಿ ಬಾಡಿಗೆಗೆ ಒಂದು ಮಂಚ, ಹುಡುಕಬೇಕಾದರೆ ಹಗಲಲ್ಲಿ ಹೋಗಿ, ಮಂಚದ ಸಂದು, ಹಾಸಿಗೆಯ ಹೊಲಿಗೆ ಎತ್ತಿ ನೋಡಿ: ಕಪ್ಪು ಚುಕ್ಕೆ ಕಂಡರೆ ತಿಗಣೆ. ಹಲಗೆ ಹೊಡೆದು ಮಾಡಿದ ಪಾರ್ಟಿಷನ್ ಕೋಣೆಗಳನ್ನು ಮುನಿಸಿಪಾಲಿಟಿಯವರು ಖಾಲಿ ಮಾಡಿಸಿದಾಗ ನಿಮ್ಮ ಅಡ್ವಾನ್ಸ್ ಹೋದಂತೆಯೇ.

ಫೋನಿನಲ್ಲಿ ಎಚ್ಚರ. ಜಗಳವಾಡಿ ವಾಟ್ಸಾಪಿನಲ್ಲಿ ಬೈದರೆ ಇಲ್ಲಿ ಅದು ಅಪರಾಧ, ಒಪ್ಪಿಗೆ ಇಲ್ಲದೆ ಇನ್ನೊಬ್ಬರ ಫೋಟೊ ಹಾಕುವುದೂ ಅಷ್ಟೇ. ನಮ್ಮವರಿಗೆ ತಿಳಿಯದ ಇನ್ನೊಂದಿದೆ: ಕಾಯಿಲೆಯಾದ ಗೆಳೆಯನಿಗೆ ಅಂತ ಗುಂಪಿನಲ್ಲಿ ಚಂದಾ ಎತ್ತುವುದಕ್ಕೂ ಪರವಾನಗಿ ಬೇಕು. ಒಳ್ಳೆಯ ಮನಸ್ಸಿನಿಂದ ಮಾಡಿದೆ ಅಂದರೆ ನಡೆಯುವುದಿಲ್ಲ.

ಬ್ಯಾಗ್ ತುಂಬುವಾಗ ಗಸಗಸೆ ತರಬೇಡಿ, ಒಂದು ಚಮಚವೂ ಬೇಡ. ಮನೆಯಲ್ಲಿ ಮಾಡಿದ ಮಸಾಲೆ ಪುಡಿಗೆ ಗಸಗಸೆ ಹುರಿದು ಹಾಕಿದ್ದಾರಾ ಅಂತ ಅಮ್ಮನನ್ನು ಕೇಳಿ, ಹಾಕಿದ್ದರೆ ಅದನ್ನೂ ಬಿಟ್ಟು ಬನ್ನಿ. ಇಲ್ಲಿ ಅದು ಮಾದಕ ವಸ್ತುವಿನ ಲೆಕ್ಕಕ್ಕೆ ಬರುತ್ತದೆ. ವೀಳ್ಯದೆಲೆಯೂ ನಿಷಿದ್ಧ. ಟ್ರಮಡಾಲ್ ಎಂಬ ನೋವಿನ ಮಾತ್ರೆ, ಕೊಡೈನ್ ಇರುವ ಕೆಮ್ಮಿನ ಸಿರಪ್, ನಿದ್ದೆ ಮಾತ್ರೆಗಳಿಗೆ ಯುಎಇ ಸರ್ಕಾರದ ಅನುಮತಿ ಮೊದಲೇ ಆನ್‌ಲೈನಿನಲ್ಲಿ ಪಡೆಯಬೇಕು. ವೈದ್ಯರ ಚೀಟಿ ಒಂದೇ ಸಾಲದು. ‘ಅಲ್ಲಿ ನಮ್ಮ ಹುಡುಗನಿಗೆ ಕೊಟ್ಟುಬಿಡಿ’ ಅಂತ ಯಾರಾದರೂ ಪೊಟ್ಟಣ ಕೊಟ್ಟರೆ ಅವರ ಎದುರಿಗೇ ಬಿಚ್ಚಿ ನೋಡಿ. ಬಿಚ್ಚಲು ಬಿಡದಿದ್ದರೆ ತರಬೇಡಿ.

ಏಜೆಂಟನಿಗೆ ಇವತ್ತೇ ಮೂರು ಕೇಳಿ ಮೆಸೇಜ್ ಹಾಕಿ: ಲೈಸೆನ್ಸ್ ನಂಬರ್, ಮೊಹ್ರೆ ಆಫರ್‌ನ ಟ್ರಾನ್ಸಾಕ್ಷನ್ ನಂಬರ್, ಬೇಸಿಕ್ ಎಷ್ಟು. ಫೋನಿನಲ್ಲಿ ಉತ್ತರ ಬೇಡ, ಬರಹದಲ್ಲೇ ಬರಲಿ.