ಪಾರ್ಕಿಂಗ್ ತುಂಬಿದರೂ ನಷ್ಟವೇಕೆ?

ಶನಿವಾರ ಕಾರು ನಿಲ್ಲಿಸಲು ಜಾಗ ಸಿಗಲ್ಲ, ಆದರೂ ಅಮೆರಿಕದ ವರ್ಮಾಂಟ್ ರಾಜ್ಯದ ಚಿಕ್ಕ ಸ್ಕೀ (ಹಿಮದ ಮೇಲೆ ಜಾರುವ ಆಟ) ಬೆಟ್ಟಗಳು ಸಾಲದಲ್ಲಿರುವುದು ಹೇಗೆ ಅಂತ ಕೇಳಿದ್ದೀರಿ. ಅದೇ ಬೆಟ್ಟಕ್ಕೆ ಒಂದು ಬುಧವಾರ ಹೋಗಿ ನೋಡಿ. ಜನರನ್ನು ಬೆಟ್ಟದ ಮೇಲಕ್ಕೆ ಒಯ್ಯುವ ಲಿಫ್ಟಿನ ಕುರ್ಚಿಗಳು ಖಾಲಿಯಾಗಿ ಮೇಲೆ ಹೋಗಿ, ಖಾಲಿಯಾಗೇ ಕೆಳಗೆ ಬರುತ್ತಿರುತ್ತವೆ. ಕರೆಂಟು, ಮೇಲೊಬ್ಬ ಕೆಳಗೊಬ್ಬ ಆಪರೇಟರ್, ಎಲ್ಲ ಹೆಚ್ಚುಕಡಿಮೆ ಶನಿವಾರದಷ್ಟೇ ಖರ್ಚು. ವಿಮೆ ಬೇರೆ.

ನಿಜವಾದ ಹೊಡೆತ ಯಂತ್ರದಿಂದ ಹಿಮ ಮಾಡುವುದರಲ್ಲಿದೆ. ಮೈನಸ್ 2 ಡಿಗ್ರಿ ಆಸುಪಾಸು ಚಳಿ ಬೇಕು, ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಇನ್ನೂ ಹೆಚ್ಚು. ಹಾಗಾಗಿ ರಾತ್ರಿಯಿಡೀ ಪಂಪು, ಕಂಪ್ರೆಸರ್ ಓಡಿಸಿ ನೀರನ್ನು ಹಿಮ ಮಾಡುತ್ತಾರೆ. ಕ್ರಿಸ್ಮಸ್‌ಗೆ ಎರಡು ದಿನ ಮುಂಚೆ ಮಳೆ ಬಂತೋ, ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ! ವರ್ಷದ ಸಂಪಾದನೆಯ ದೊಡ್ಡ ಪಾಲು ಆ ವಾರದ್ದೇ, ಅಲ್ವಾ?

ದೊಡ್ಡ ಕಂಪನಿಗಳಿಗೆ ಈ ತಲೆನೋವು ಕಡಿಮೆ. 2008ರಲ್ಲಿ ಬಂದ ಎಪಿಕ್ ಪಾಸ್‌ನಂಥ, ಹಲವು ಬೆಟ್ಟಗಳಲ್ಲಿ ನಡೆಯುವ ಸೀಸನ್ ಪಾಸುಗಳನ್ನು ಚಳಿಗಾಲಕ್ಕೆ ಮುಂಚೆಯೇ ಮಾರುತ್ತಾರೆ. ಹಿಮ ಬೀಳುವ ಮೊದಲೇ ದುಡ್ಡು ಕೈಯಲ್ಲಿ.

ಲಿಫ್ಟು ಹಳೆಯದಾದರಂತೂ ಕಥೆ ಮುಗಿದಂತೆ. ಮೇನ್ ರಾಜ್ಯದ ಸ್ಯಾಡಲ್‌ಬ್ಯಾಕ್ ಸ್ಕೀ ಬೆಟ್ಟ ಹೊಸ ಲಿಫ್ಟಿಗೆ ಹಣ ಹೊಂದಿಸಲಾಗದೆ 2015ರಲ್ಲಿ ಮುಚ್ಚಿತು. ಮತ್ತೆ ತೆರೆದದ್ದು 2020ರ ಡಿಸೆಂಬರಿನಲ್ಲಿ, ಮಾಲೀಕರು ಬದಲಾದ ಮೇಲೆ.

ನಿಮ್ಮ ವರ್ಮಾಂಟ್‌ನಲ್ಲೇ ಇರುವ ಮ್ಯಾಡ್ ರಿವರ್ ಗ್ಲೆನ್ ಬೆಟ್ಟವನ್ನು ನೋಡಿ. 1995ರಿಂದ ಅದು ಸ್ಕೀ ಆಡುವವರದೇ ಸಹಕಾರ ಸಂಘ, ನಮ್ಮೂರ ಹಾಲಿನ ಡೇರಿ ಇದ್ದ ಹಾಗೆ. ಒಬ್ಬೊಬ್ಬರೇ ಕೂರುವ 1948ರ ಲಿಫ್ಟನ್ನು 2007ರಲ್ಲಿ ದೇಣಿಗೆ ಎತ್ತಿ ರಿಪೇರಿ ಮಾಡಿಸಿದರು. ಇಬ್ಬರು ಕೂರುವಂಥದ್ದು ಹಾಕಬಹುದಿತ್ತು. ಬೇಡವೇ ಬೇಡ ಅಂದರಂತೆ!